ಹೋಳಿ ಕಳೆದ ಮೇಲೆ ಹಂಪಿ

ಹಂಪಿಗೆ ಹೋಗುವುದಾದರೆ ಹೋಳಿ ಕಳೆದಿರಬೇಕು, ಉಗಾದಿ ಇನ್ನೂ ಬಂದಿರಬಾರದು, ಆ ಸಂದಿನಲ್ಲಿ ಹೋಗಿ ಬಂದುಬಿಡಬೇಕು ಅಂತ ನಾನು ಹೇಳುತ್ತಲೇ ಇರುತ್ತೇನೆ. ಯಾರು ಕೇಳುತ್ತಾರೆ? ನಮ್ಮ ಕಡೆಯವರಿಗೆ ಪ್ರವಾಸ ಅಂದರೆ ಒಂದೋ ಕ್ರಿಸ್‌ಮಸ್ ರಜೆ, ಇಲ್ಲ ಮಕ್ಕಳ ಬೇಸಿಗೆ ರಜೆ. ಕ್ರಿಸ್‌ಮಸ್ ರಜೆಗೆ ಹೋದವರು ಹಂಪಿಯಲ್ಲಿ ನೋಡುವುದು ಮುಂದೆ ನಿಂತವರ ಬೆನ್ನು. ಬೇಸಿಗೆಗೆ ಹೋದವರು ಹುಡುಕುವುದು ನೆರಳು. ನಡುವೆ ಒಂದು ಹದವಾದ ಕಾಲ ಇದೆಯಲ್ಲ, ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟುಹೋದ ಮೇಲೆ, ಬಿಸಿಲು ಪೂರ್ತಿ ತಲೆಗೆ ಏರುವ ಮೊದಲು, ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಹಂಪಿ ಉತ್ಸವದ ಶಾಮಿಯಾನ ಬಿಚ್ಚಿ ಆಗಿರುತ್ತೆ. ಹೋಳಿಗೆ ಬಂದು ಬಣ್ಣದಲ್ಲಿ ಮುಳುಗಿ ಎದ್ದ ವಿದೇಶದ ಹುಡುಗ ಹುಡುಗಿಯರು ಮುಂದಿನ ಊರಿಗೆ ಹೊರಟಿರುತ್ತಾರೆ. ವಿರೂಪಾಕ್ಷನ ತೇರು ಚೈತ್ರದ ಹುಣ್ಣಿಮೆಗೆ, ಅದಕ್ಕಿನ್ನೂ ದಿನ ಇದೆ. ಅಂಗಡಿಯವರು ಕೂತು ಆಕಳಿಸುತ್ತಿರುತ್ತಾರೆ. ಆಗ ಹೋಗಬೇಕು ನೋಡಿ.

ತೊಂದರೆ ಏನಪ್ಪಾ ಅಂದರೆ ಆ ಹೊತ್ತಿಗೆ ನಮ್ಮ ಹೊರಕೆರೆದೇವಪುರದಲ್ಲಿ ಹುಣಸೆಹಣ್ಣಿನ ಕೆಲಸ. ಬಡಿಯೋದು, ಆಯೋದು, ಸಿಪ್ಪೆ ಬಿಡಿಸೋದು, ಕುಟ್ಟಿ ಬೀಜ ತೆಗೆಯೋದು. ಜಗಲಿ ಮೇಲೆ ಹೆಂಗಸರು ಕೈಯೆಲ್ಲ ಅಂಟು ಮಾಡಿಕೊಂಡು ಕೂತಿರುವಾಗ 'ನಾನು ಹಂಪಿಗೆ ಹೋಗಿ ಬರ್ತೀನಿ' ಅಂದರೆ ಹೇಗಿರುತ್ತೆ ಹೇಳಿ. ಸುತ್ತಿಗೆ ಬೇರೆ ಅವರ ಕೈಯಲ್ಲೇ ಇರುತ್ತೆ, ಅಲ್ವಾ?

ಇಷ್ಟಕ್ಕೂ ಈ ಮಾತು ಹುಟ್ಟಿದ್ದು ಬೇಲಿಯಾಚೆಯ ಮೇಷ್ಟ್ರಿಂದ. ಅವರ ಮಗಳು ಹಾಲೆಂಡಿನಲ್ಲಿದ್ದಾಳೆ. ಮಾರ್ಚ್ ತಿಂಗಳಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಫೋಟೋ ಕಳಿಸಿದ್ದಾಳೆ. ಕಾಲುವೆ, ಕಾಲುವೆ ಮೇಲೆ ಸೇತುವೆ, ಸೇತುವೆಗೆ ಒರಗಿಸಿದ ಸೈಕಲ್ಲು, ಎಲೆ ಇಲ್ಲದ ಮರ. ಜನವೇ ಇಲ್ಲ. ಏಪ್ರಿಲ್ ಬಂತು ಅಂದರೆ ಟುಲಿಪ್ ಹೂವು ನೋಡುವವರ ನೂಕುನುಗ್ಗಲಂತೆ, ಅದಕ್ಕೇ ಮೊದಲೇ ಹೋಗಿ ಬಂದಳಂತೆ. ಮೇಷ್ಟ್ರು ಫೋನನ್ನು ಬೇಲಿ ಮೇಲೆ ಚಾಚಿ, ಕನ್ನಡಕ ಹಣೆಗೇರಿಸಿ, "ನೋಡಯ್ಯಾ, ಊರು ಅಂದ್ರೆ ಹಿಂಗಿರಬೇಕು. ಊರ ತುಂಬ ಕಾಲುವೆ. ನಾನೂರು ವರ್ಷದ್ದಂತೆ" ಅಂದರು.

"ಮೇಷ್ಟ್ರೇ, ಆ ಕಾಲುವೆಗಳ ದೊಡ್ಡ ಸುತ್ತು ಅಗೆಯೋಕೆ ಶುರು ಮಾಡಿದ್ದು 1613ರಲ್ಲಿ. ಅಷ್ಟೊತ್ತಿಗೆ ನಮ್ಮ ಹಂಪಿ ಹಾಳಾಗಿ ಹತ್ತಿರ ಹತ್ತಿರ ಐವತ್ತು ವರ್ಷ. ಆ ಹಾಳೂರಿನ ಕಾಲುವೇಲಿ ಇವತ್ತಿಗೂ ನೀರು ಹರೀತಿದೆ" ಅಂದೆ.

"ಹಂಪೀಲಿ ಎಲ್ಲೈತಯ್ಯ ಕಾಲುವೆ? ಅಲ್ಲಿರೋದು ಬರೀ ಕಲ್ಲು."

ಇತಿಹಾಸ ಪಾಠ ಮಾಡಿದವರೇ ಹೀಗಂದರೆ ಉಳಿದವರ ಪಾಡೇನು? ಆದರೆ ಅವರ ತಪ್ಪೂ ಇಲ್ಲ ಬಿಡಿ. ಶಾಲೆ ಮಕ್ಕಳನ್ನು ಬಸ್ಸಿಗೆ ತುಂಬಿಕೊಂಡು ಹೋದಾಗ ತೋರಿಸಿದ್ದು ಕಲ್ಲಿನ ರಥ, ಕಮಲ ಮಹಲು, ಆನೆ ಲಾಯ. ಮಕ್ಕಳನ್ನು ಎಣಿಸೋದರಲ್ಲೇ ಅವರ ಅರ್ಧ ಹಂಪಿ ಮುಗಿದಿರುತ್ತೆ. ಕಾಲುವೆ ಪಕ್ಕ ಮಕ್ಕಳನ್ನು ಬಿಡುವ ಮೇಷ್ಟ್ರು ಯಾರಿದ್ದಾರೆ?

ನಮ್ಮ ಕಡೆಯಿಂದ ಹೋಗುವವರಿಗೆ ವಿಜಯನಗರದ ನೀರಿನ ಕತೆ ಹೊಸಪೇಟೆ ಮುಟ್ಟುವ ಮೊದಲೇ ಶುರುವಾಗುತ್ತೆ. ಹೊಳಲ್ಕೆರೆ, ದುರ್ಗ, ಆಮೇಲೆ ಕಾನಾಹೊಸಹಳ್ಳಿ, ಕೂಡ್ಲಿಗಿ. ಹೊಸಪೇಟೆ ಇನ್ನೇನು ಬಂತು ಅನ್ನುವಾಗ ಎರಡು ಬೆಟ್ಟದ ಸಾಲು ಹತ್ತಿರ ಹತ್ತಿರ ಬರುತ್ತವೆ. ಹಳೇ ರಸ್ತೆ ಆ ಬೆಟ್ಟಗಳ ನಡುವೆ ಒಂದು ಭಾರೀ ಏರಿ ಮೇಲೆ ಹಾಯುತ್ತಿತ್ತು. ಅದು ರಸ್ತೆಗೆ ಅಂತ ಹಾಕಿದ ಏರಿಯಲ್ಲ, ಕೃಷ್ಣದೇವರಾಯ ಕಟ್ಟಿಸಿದ ಕೆರೆಯದು. ರಾಯರ ಕೆರೆ ಅಂತಾರೆ. ಕೆರೆಯಲ್ಲಿ ನೀರು ನಿಲ್ಲುವುದು ನಿಂತು ಎಷ್ಟೋ ಕಾಲವಾಯಿತು, ಏರಿ ಮಾತ್ರ ಲಾರಿಗಳನ್ನು ಹೊತ್ತುಕೊಂಡು ಗಟ್ಟಿಯಾಗಿ ನಿಂತುಬಿಟ್ಟಿತು.

ಈ ಕೆರೆ ಕಟ್ಟುವಾಗ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲೇ ಇದ್ದ, 1520ರ ಆಸುಪಾಸು. ಹದಿನೈದು ಇಪ್ಪತ್ತು ಸಾವಿರ ಆಳು ಕೆಲಸ ಮಾಡುತ್ತಿದ್ದರು, ಕಾಲಿಟ್ಟ ನೆಲವೇ ಕಾಣುತ್ತಿರಲಿಲ್ಲ ಅಂತ ಬರೆದಿದ್ದಾನೆ. ಕಟ್ಟಿದ ಏರಿ ಎರಡು ಮೂರು ಸಲ ಒಡೆದುಹೋಯಿತಂತೆ. ರಾಜ ಬ್ರಾಹ್ಮಣರನ್ನು ಕೇಳಿದ್ದಾಯಿತು, ದೇವರಿಗೆ ಸಿಟ್ಟು ಬಂದಿದೆ, ಬಲಿ ಬೇಕು ಅಂದರಂತೆ. ಮನುಷ್ಯರು, ಕುದುರೆ, ಕೋಣ, ಎಲ್ಲ. ಆ ಭಾಗ ಓದುವಾಗ ಹೊಟ್ಟೆಯಲ್ಲಿ ಹೇಗೋ ಆಗುತ್ತೆ. ನಮ್ಮ ಕಡೆಯೂ ಏರಿ ನಿಲ್ಲದ ಕೆರೆಗೆ ಸೊಸೆ ಹಾರವಾದ ಕತೆ ಊರಿಗೊಂದು ಸಿಗುತ್ತೆ. ಅವು ಕತೆ ಅಂತ ಅಜ್ಜಿ ಮಡಿಲಲ್ಲಿ ಮಲಗಿ ಕೇಳಿದ್ದೆವು.

ಅದಕ್ಕಿಂತ ನನಗೆ ಮಜಾ ಅನ್ನಿಸೋದು ಇನ್ನೊಬ್ಬ ಪೋರ್ಚುಗೀಸ್, ನೂನಿಜ್ ಬರೆದ ಸುದ್ದಿ. ರಾಯ ಗೋವೆಯ ಗವರ್ನರನಿಗೆ ಹೇಳಿ ಒಬ್ಬ ಕಲ್ಲುಕೆಲಸದ ಮೇಸ್ತ್ರಿಯನ್ನು ಕರೆಸಿದನಂತೆ, ಜುವಾಂವ್ ದೆಲ್ಲಾ ಪೋಂತೆ ಅಂತ ಹೆಸರು. ಆ ಮೇಸ್ತ್ರಿ ಜಾಗ ನೋಡಿ ಇದು ಆಗೋ ಹೋಗೋ ಮಾತಲ್ಲ ಅಂತ ಒಳಗೊಳಗೇ ಅಂದುಕೊಂಡು, ಬಾಯಲ್ಲಿ ಮಾತ್ರ 'ಆಯ್ತು ಸ್ವಾಮಿ, ಮಾಡೋಣ' ಅಂದ. ಮೇಸ್ತ್ರಿಗಳು ಅಂದಿಗೂ ಹಾಗೇ, ಇಂದಿಗೂ ಹಾಗೇ. ಆಮೇಲೆ ಸುಣ್ಣ ಸಿದ್ಧ ಮಾಡಿಸಿ ಅಂತ ಕೇಳಿದನಂತೆ. ರಾಯ ಬಿದ್ದು ಬಿದ್ದು ನಕ್ಕನಂತೆ! ಮನೆ ಕಟ್ಟೋಕೆ ಸುಣ್ಣ ಬಳಸೋದು ಆ ದೇಶದವರಿಗೆ ಗೊತ್ತಿಲ್ಲ ಅಂತ ನೂನಿಜ್ ಕಾರಣ ಕೊಡುತ್ತಾನೆ. ಗೋಪುರದ ಗಾರೆ ನೋಡಿದವರಿಗೆ ಈ ಮಾತು ಯಾಕೋ ಗಂಟಲಲ್ಲಿ ಇಳಿಯುವುದಿಲ್ಲ. ರಾಯ ನಕ್ಕಿದ್ದು ಬೇರೆ ಯಾವುದಕ್ಕೋ ಇರಬೇಕು. ಮೇಸ್ತ್ರಿ ಕೇಳಿದ ಸುಣ್ಣದ ಪ್ರಮಾಣಕ್ಕೇ ನಕ್ಕಿರಬಹುದು, ಯಾರಿಗೆ ಗೊತ್ತು?

ಏರಿ ಅಂದಕೂಡಲೇ ನೆನಪಾಗೋದು ನಮ್ಮ ಮಾರಿಕಣಿವೆ. 1898ರಲ್ಲಿ ಶುರು ಮಾಡಿ 1907ಕ್ಕೆ ಮುಗಿಸಿದ ಕಟ್ಟೆ, ವೇದಾವತಿಗೆ ಅಡ್ಡ. ವಾಣಿ ವಿಲಾಸ ಸಾಗರ ಅಂತ ಕಾಗದದ ಮೇಲೆ ಇರಲಿ, ಹಿರಿಯೂರಿನವರ ಬಾಯಲ್ಲಿ ಅದು ಮಾರಿಕಣಿವೆಯೇ. 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ ಬಿದ್ದಿದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ! ಆ ಸಲ ಜಿಲ್ಲೆಯ ಜನವೆಲ್ಲ ಕೋಡಿ ನೋಡೋಕೆ ಹೊರಟಿದ್ದು ನೆನಪಿದೆಯಲ್ಲ? ನಡೆಯಲಾಗದ ಅಜ್ಜಂದಿರನ್ನು ಆಟೋದಲ್ಲಿ ಕೂರಿಸಿಕೊಂಡು ಬಂದಿದ್ದರು. ನಮ್ಮ ಸಂಬಂಧಿಕರ ಮನೆಯ ಒಬ್ಬ ಮುದುಕಿ ಕೋಡಿ ನೀರಿಗೆ ಕೈಮುಗಿದು, 'ನಮ್ಮಪ್ಪ ಹೇಳ್ತಿದ್ದ, ನಾನು ಸುಳ್ಳು ಅಂದ್ಕಂಡಿದ್ದೆ' ಅಂದಳು. ಬರದ ಜಿಲ್ಲೆಯವರು ನಾವು. ನೀರು ನೋಡೋಕೆ ಟಿಕೆಟ್ ಇಟ್ಟರೂ ಹೋಗುತ್ತೇವೆ.

ಎಲ್ಲಿಗೋ ಹೋದೆ. ಹಂಪಿ.

ಜನ ಇಲ್ಲದ ಕಾಲದಲ್ಲಿ ಹಂಪಿಗೆ ಹೋದರೆ ಮೊದಲು ಬದಲಾಗೋದು ಮಾತು. ಡಿಸೆಂಬರಿನಲ್ಲಿ ಗೈಡುಗಳು ರೈಲು ಹೊರಡೋ ವೇಗದಲ್ಲಿ ರಾಜರ ಹೆಸರು ಒದರಿ ಮುಂದಿನ ಗುಂಪಿಗೆ ಹಾರುತ್ತಾರೆ. ಫಾಲ್ಗುಣದಲ್ಲಿ ಅವರೇ ಕಟ್ಟೆ ಮೇಲೆ ಕೂರಿಸಿಕೊಂಡು 'ಯಾವೂರು ಸಾರ್ ನಿಮ್ಮದು' ಅಂತ ವಿಚಾರಿಸುತ್ತಾರೆ. ಎಚ್.ಡಿ. ಪುರ ಅಂದರೆ ಗೊತ್ತಾಗಲ್ಲ, ಹೊಳಲ್ಕೆರೆ ಅಂದರೂ ಗೊತ್ತಾಗಲ್ಲ, ಚಿತ್ರದುರ್ಗ ಅಂದರೆ 'ಓ, ಓಬವ್ವ' ಅಂತಾರೆ. ಅಲ್ಲಿಗೆ ಪರಿಚಯ ಆಯಿತು. ವಿಠಲನ ಗುಡಿಗೆ ಕರೆದೊಯ್ಯುವ ಬ್ಯಾಟರಿ ಗಾಡಿ ಓಡಿಸೋ ಹೆಣ್ಣುಮಕ್ಕಳು ಸಹ ಗಾಡಿ ತುಂಬಲಿ ಅಂತ ಕಾಯುತ್ತಾ ಪುರಸೊತ್ತಾಗಿ ಹರಟುತ್ತಾರೆ. ಕಲ್ಲಿನ ರಥದ ಮುಂದೆ ಆಗಲೂ ನಾಲ್ಕು ಜನ ಇದ್ದೇ ಇರುತ್ತಾರೆ ಅನ್ನಿ, ಐವತ್ತರ ಹೊಸ ನೋಟು ಹಿಡಿದುಕೊಂಡು. 2017ರಿಂದ ಆ ನೋಟಿನ ಹಿಂದೆ ಇದೇ ರಥ ಇದೆಯಲ್ಲ. ನೋಟನ್ನು ಒಂದು ಕೈಯಲ್ಲಿ ಚಾಚಿ, ಒಂದು ಕಣ್ಣು ಮುಚ್ಚಿ, ನೋಟಿನ ರಥ ನಿಜದ ರಥದ ಪಕ್ಕ ಬರೋ ಹಾಗೆ ಫೋಟೋ. ಒಬ್ಬ ಯಜಮಾನರ ಹತ್ತಿರ ಐವತ್ತರ ನೋಟೇ ಇರಲಿಲ್ಲ. ಐನೂರು ಕೊಟ್ಟು ಚಿಲ್ಲರೆ ಕೇಳುತ್ತಾ ಅಂಗಡಿ ಅಂಗಡಿ ಅಲೆಯುತ್ತಿದ್ದರು. ಪಾಪ.

ಇನ್ನು ಕಾಲುವೆ. ವಿರೂಪಾಕ್ಷನ ಗುಡಿಯ ಕಡೆಗೂ ಅರಮನೆಗಳಿದ್ದ ಕಡೆಗೂ ನಡುವೆ ಒಂದು ತಗ್ಗಿದೆ, ಕೃಷ್ಣನ ಗುಡಿ ಮುಂದೆ ನಿಂತು ನೋಡಿದರೆ ಬಾಳೆ ತೋಟ ಹಸುರಾಗಿ ಕಾಣುತ್ತದಲ್ಲ, ಅಲ್ಲಿ ಹರಿಯೋದೇ ತುರ್ತು ಕಾಲುವೆ. ವಿಜಯನಗರದ ಕಾಲದ್ದು. ಮೇಲೆ ತುಂಗಭದ್ರೆಗೆ ಬಂಡೆಯಿಂದ ಬಂಡೆಗೆ ಕಲ್ಲು ಪೇರಿಸಿ ಒಡ್ಡು ಕಟ್ಟಿ, ನೀರನ್ನು ಉಪಾಯವಾಗಿ ಈ ಕಡೆ ತಿರುಗಿಸಿಕೊಂಡಿದ್ದಾರೆ. ಯಂತ್ರ ಇಲ್ಲ, ಪಂಪಿಲ್ಲ. ಇಳಿಜಾರು ಎಲ್ಲಿದೆಯೋ ಅಲ್ಲಿ ಇಳಿದು, ಬಂಡೆ ಬಂದರೆ ಸುತ್ತಿಕೊಂಡು, ಗುಡಿ ಬಂದರೆ ಪಕ್ಕಕ್ಕೆ ಸರಿದು ಹೋಗುತ್ತೆ. ಅರಮನೆ ಉರಿಯಿತು, ಬಜಾರು ಬಿತ್ತು, ರಾಜರು ಪೆನುಗೊಂಡೆಗೆ ಹೋದರು. ಕಾಲುವೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಭತ್ತ, ಕಬ್ಬು, ಬಾಳೆ ಅಂತ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡು ಬಂತು. ಪಕ್ಕದಲ್ಲಿ ಬಿದ್ದಿರುವ ಕಂಬಕ್ಕೆ ಕಾವಲುಗಾರ ಇದ್ದಾನೆ, ಬೋರ್ಡ್ ಇದೆ, ಮುಟ್ಟಬೇಡಿ ಅಂತ ಎಚ್ಚರಿಕೆ ಇದೆ. ಕಾಲುವೆಗೆ ಇದ್ಯಾವುದೂ ಇಲ್ಲ. ಎಮ್ಮೆ ಇಳಿದಿರುತ್ತೆ, ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ, ಯಾರೋ ಸನಿಕೆ ಹಿಡಿದು ತನ್ನ ಗದ್ದೆಗೆ ಮಡೆ ತಿರುಗಿಸುತ್ತಿರುತ್ತಾನೆ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿತು ಅಂತ ಆ ಎಮ್ಮೆಗೆ ಹೇಳಿದವರು ಯಾರು?

ನಾನು ಕಾಲುವೆ ದಂಡೆ ಹಿಡಿದು ನಡೆದು ಹೋಗುವಾಗ ಬಾಳೆ ತೋಟದವರೊಬ್ಬರು ಎರಡು ಹಣ್ಣು ಕೊಟ್ಟರು. ಸಣ್ಣ ಹಣ್ಣು, ಸಿಪ್ಪೆ ತೆಳ್ಳಗೆ. ಮನೆಗೆ ಬಂದು ಹೇಳಿದರೆ ಮೇಷ್ಟ್ರ ಮನೆ ಅಮ್ಮಾವರು, 'ಕಮಲಾಪುರದ ಕೆಂಪು ಬಾಳೆಹಣ್ಣು ತರಬಾರದಿತ್ತಾ, ಅದು ಬಹಳ ಹೆಸರುವಾಸಿ' ಅಂದರು. ಅಮ್ಮಾವ್ರೇ, ಆ ಕಮಲಾಪುರ ಬೇರೆ, ಅದು ಕಲಬುರಗಿ ಜಿಲ್ಲೆಯದು. ಹಂಪಿ ಪಕ್ಕದ ಕಮಲಾಪುರದಲ್ಲಿ ಇರೋದು ದೊಡ್ಡ ಕೆರೆ. ಅದಕ್ಕೆ ರಾಯ ಕಾಲುವೆಯಿಂದ ನೀರು. ಅವರು ನಂಬಲಿಲ್ಲ. ನಾನು ತರೋಕೆ ಮರೆತು ಕತೆ ಕಟ್ಟುತ್ತಿದ್ದೇನೆ ಅಂತಲೇ ಈಗಲೂ ಅವರ ಅಭಿಪ್ರಾಯ.

ರಾಯ ಕಾಲುವೆ, ಬಸವ ಕಾಲುವೆ ಅಂತ ಇನ್ನೂ ಇವೆ. ಬಸವ ಕಾಲುವೆ ಹೊಸಪೇಟೆ ಊರೊಳಗೇ ಹರಿಯುತ್ತೆ. ಅವುಗಳ ತಲೆ ಮಾತ್ರ ಈಗ ಕಾಣಿಸದು. ಕೃಷ್ಣದೇವರಾಯನ ಕಾಲದಲ್ಲಿ, 1521ರಲ್ಲಿ ಕಟ್ಟಿದ ವಲ್ಲಭಾಪುರದ ಒಡ್ಡು ತುಂಗಭದ್ರಾ ಜಲಾಶಯದ ನೀರಿನಡಿ ಮುಳುಗಿದೆ. 1945ರಲ್ಲಿ ಅಣೆಕಟ್ಟೆ ಕೆಲಸ ಶುರುವಾಗಿ 1953ರಲ್ಲಿ ನೀರು ಬಿಟ್ಟರಲ್ಲ, ಆಗ ಹಳೇ ಕಾಲುವೆಗೂ ಹೊಸ ಕಟ್ಟೆಯಿಂದಲೇ ತೂಬು ಇಟ್ಟುಕೊಟ್ಟರು. ಅಜ್ಜನ ಮನೆಗೆ ಮೊಮ್ಮಗ ಕರೆಂಟು ಬಿಲ್ಲು ಕಟ್ಟಿದ ಲೆಕ್ಕ. ಆ ಮೊಮ್ಮಗನಿಗೂ ಈಗ ವಯಸ್ಸಾಯಿತು. 2024ರ ಆಗಸ್ಟಿನಲ್ಲಿ ಹತ್ತೊಂಬತ್ತನೇ ಗೇಟಿನ ಚೈನು ತುಂಡಾಗಿ ಕೊಚ್ಚಿಹೋದಾಗ ಆ ಕಡೆಯ ರೈತರು ರಾತ್ರಿಯೆಲ್ಲ ನಿದ್ದೆ ಮಾಡಿರಲಿಕ್ಕಿಲ್ಲ. ತುಂಬಿದ ಕಟ್ಟೆ ಕಣ್ಣೆದುರೇ ಖಾಲಿಯಾಗುತ್ತಿತ್ತು. ಹರಿಯೋ ನೀರಿಗೆ ಅಡ್ಡಲಾಗಿ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ನಿಲ್ಲಿಸೋಕೆ ಒಂದು ವಾರ ಹಿಡಿಯಿತು. ಟಿವಿಯಲ್ಲಿ ನೋಡುತ್ತಾ ಮೇಷ್ಟ್ರು, 'ರಾಯನ ಕಾಲದ ಕಲ್ಲಿನ ಒಡ್ಡಿಗೆ ಗೇಟೇ ಇರಲಿಲ್ಲ, ಮುರಿಯೋದೇನು ಬಂತು' ಅಂದಿದ್ದರು. ಹಂಪಿಯಲ್ಲಿ ಕಾಲುವೆ ಎಲ್ಲಿದೆ ಅಂತ ಕೇಳಿದವರೂ ಅವರೇ. ಮನುಷ್ಯನ ತಲೆ ನೋಡಿ ಹೇಗಿರುತ್ತೆ.

ಮೊದಲು ಹೇಳಿದ ತುರ್ತು ಕಾಲುವೆಯ ನೀರಲ್ಲೇ ಬಡವಿಲಿಂಗ ಇರೋದು. ಒಂದಾಳೂವರೆಗಿಂತ ಎತ್ತರದ ಒಂದೇ ಕಲ್ಲಿನ ಲಿಂಗ, ಕೆಳಗೆ ಯಾವಾಗಲೂ ನೀರು. ಒಬ್ಬ ಬಡ ಹೆಂಗಸು ಮಾಡಿಸಿದ್ದು ಅಂತ ಹೇಳುತ್ತಾರೆ. ಅಷ್ಟು ದೊಡ್ಡ ಕಲ್ಲು ಕಡೆಸುವ ಬಡವಿ ಯಾವ ಲೆಕ್ಕದ ಬಡವಿಯೋ, ಆ ಊರಿನಲ್ಲಿ ಬಡತನಕ್ಕೂ ಒಂದು ಗತ್ತಿತ್ತು ಅಂತ ಕಾಣುತ್ತೆ. ಜನರ ಗದ್ದಲ ಇದ್ದಾಗ ಅಲ್ಲಿ ಕಂಬಿ ಸಂದಿಯಿಂದ ನಾಣ್ಯ ಎಸೆಯುವವರದೇ ಭರಾಟೆ. ನಾನು ಹೋದಾಗ ಯಾರೂ ಇರಲಿಲ್ಲ. ನೀರಲ್ಲಿ ಒಂದು ಕಪ್ಪೆ ಇತ್ತು. ನಾಣ್ಯದ ಮೇಲೇ ಕೂತಿತ್ತು.

ಪಕ್ಕದಲ್ಲೇ ಲಕ್ಷ್ಮೀನರಸಿಂಹ. ಇಲ್ಲಿ ನಮ್ಮೂರಿನವರು ಸ್ವಲ್ಪ ಹೊತ್ತು ಜಾಸ್ತಿ ನಿಲ್ಲುತ್ತಾರೆ. ಊರ ದೇವರಲ್ಲವೇ? ನಮ್ಮ ಲಕ್ಷ್ಮೀನರಸಿಂಹ ಹೂವು, ಬೆಳ್ಳಿ ಕವಚ ಅಂತ ಅಲಂಕಾರ ಮಾಡಿಸಿಕೊಂಡು ತೇರೇರುವವನು. ಅಲ್ಲಿಯವನು 1528ರಿಂದ ಬಯಲಲ್ಲೇ ಕೂತಿದ್ದಾನೆ, ಆರೂಮುಕ್ಕಾಲು ಮೀಟರ್ ಎತ್ತರ, ಒಂದೇ ಬಂಡೆ. ತೊಡೆ ಮೇಲಿದ್ದ ಲಕ್ಷ್ಮಿ ಇಲ್ಲ, ಒಡೆದುಹೋಗಿದ್ದಾಳೆ. ಅದಕ್ಕೇ ಜನ ಉಗ್ರನರಸಿಂಹ ಅಂತ ಹೆಸರು ಬದಲಿಸಿಬಿಟ್ಟರು. ಹೆಂಡತಿ ಇಲ್ಲದಿದ್ದರೆ ಯಾರಾದರೂ ಉಗ್ರರಾಗಿಯೇ ಕಾಣುತ್ತಾರೆ ಅಂತ ನಮ್ಮ ಮನೆಯವಳ ವ್ಯಾಖ್ಯಾನ. ಆದರೆ ಗೈಡುಗಳು ಒಂದು ಗುಟ್ಟು ಹೇಳುತ್ತಾರೆ, ಅವನ ಬೆನ್ನಿನ ಮೇಲೆ ಅವಳ ಕೈ ಉಳಿದಿದೆ ಅಂತ. ತಬ್ಬಿಕೊಂಡಿದ್ದ ಕೈ. ಅಮ್ಮ ಹೋದರೂ ಕೈ ಬಿಡಲಿಲ್ಲ ಅಂತ ಹೇಳಿ ಅವರು ನಿಮ್ಮ ಮುಖ ನೋಡುತ್ತಾರೆ, ಕಣ್ಣೀರು ಬಂತಾ ಅಂತ. ಮಂಡಿಯ ಸುತ್ತ ಒಂದು ಕಲ್ಲಿನ ಪಟ್ಟಿ ಇದೆ ನೋಡಿ, ಅದು ಈಚೆಗೆ ದುರಸ್ತಿ ಮಾಡುವಾಗ ಸೇರಿಸಿದ್ದು. ನಮ್ಮಲ್ಲಿ ಮಂಡಿನೋವಿಗೆ ಪಟ್ಟಿ ಕಟ್ಟಿಕೊಳ್ಳುವ ವಯಸ್ಸಿನವರು ಅದನ್ನು ಕೂಡಲೇ ಗುರುತಿಸುತ್ತಾರೆ.

ವಿರೂಪಾಕ್ಷನ ಗುಡಿಯಲ್ಲಿ ಎಲ್ಲರೂ ಗೋಪುರದ ತಲೆಕೆಳಗಾದ ನೆರಳು ನೋಡೋಕೆ ಸಾಲು ನಿಲ್ಲುತ್ತಾರೆ. ಹಿಂದಿನ ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು ಒಳಗೆ ಗೋಪುರ ಉಲ್ಟಾ ಬೀಳುತ್ತೆ, ಚೆನ್ನಾಗಿದೆ, ನೋಡಲೇಬೇಕು. ಅದೇ ಗುಡಿಯಲ್ಲಿ ನದಿಯ ನೀರಿನದು ಒಂದು ಸಣ್ಣ ಕಾಲುವೆ ಒಳಗೇ ಹರಿದು, ಅಡುಗೆಮನೆಗೆ ಇಳಿದು, ಹೊರಗಿನ ಅಂಗಳ ಹಾಯ್ದು ಹೋಗುತ್ತೆ ಅನ್ನೋದನ್ನು ಕೇಳುವವರಿಲ್ಲ. ಯೋಚನೆ ಮಾಡಿ, ಅಡುಗೆಮನೆಗೆ ನಡೆದು ಬರೋ ನೀರು! ನಮ್ಮ ಮನೆಯಲ್ಲಿ ನಲ್ಲಿ ನೀರು ಬಿಡೋ ದಿನ ಕೊಡಪಾನ, ಡ್ರಮ್ಮು, ಬಕೆಟ್ಟು, ಹಾಲಿನ ಪಾತ್ರೆ ಸಮೇತ ತುಂಬಿಸಿಕೊಳ್ಳುವವರಿಗೆ ಇದರ ಬೆಲೆ ಗೊತ್ತು. ಗುಡಿಯ ಆನೆ ಲಕ್ಷ್ಮಿ ಮಾತ್ರ ಸ್ನಾನಕ್ಕೆ ಹೊಳೆಗೇ ಹೋಗುತ್ತಾಳೆ. ಅವಳಿಗೆ ಕಾಲುವೆ ಸಾಲದು.

ಹೊಳೆ ಅಂದಮೇಲೆ ತೆಪ್ಪ. ದುಂಡಗಿನ ಬಿದಿರಿನ ತೆಪ್ಪವನ್ನು ಪಾಯೆಸ್ ನೋಡಿ ಬುಟ್ಟಿ ಅಂತಲೇ ಬರೆದಿದ್ದಾನೆ. ಐನೂರು ವರ್ಷದಲ್ಲಿ ಅದರ ಆಕಾರ ಬದಲಾಗಿಲ್ಲ, ದರ ಮಾತ್ರ ಬದಲಾಗಿದೆ. ಜನ ಕಡಿಮೆ ಇರೋ ಕಾಲದಲ್ಲಿ ದರವೂ ಸ್ವಲ್ಪ ಬಗ್ಗುತ್ತೆ. ನಡುನೀರಿನಲ್ಲಿ ತೆಪ್ಪದವನು 'ಸುತ್ತಿಸ್ಲಾ ಸಾರ್?' ಅಂತಾನೆ. ಬೇಡ ಅನ್ನಿ. ಊಟ ಮಾಡಿದ್ದರಂತೂ ಖಂಡಿತ ಬೇಡ ಅನ್ನಿ. ಆ ದಡದ ವಿರುಪಾಪುರ ಗಡ್ಡೆಯಲ್ಲಿ ಒಂದು ಕಾಲದಲ್ಲಿ ರೆಸಾರ್ಟುಗಳ ಸಂತೆಯೇ ಇತ್ತು. ಸುಪ್ರೀಂ ಕೋರ್ಟ್ ತೀರ್ಪಾದ ಮೇಲೆ 2020ರ ಮಾರ್ಚಿನಲ್ಲಿ ಕೆಡವಿದರು. ಅಲ್ಲೇ ಬುಕ್ಕನ ಮೇಲ್ಗಾಲುವೆ ಅಂತ ಕಲ್ಲುಕಂಬದ ಸಾಲು ನದಿಯ ಕಡೆ ಚಾಚಿಕೊಂಡಿದೆ. ರೆಸಾರ್ಟು ಇದ್ದಾಗ ಅದರತ್ತ ಯಾರೂ ತಿರುಗಿ ನೋಡುತ್ತಿರಲಿಲ್ಲ, ಈಗ ನೋಡೋಕೆ ಅಲ್ಲಿ ಯಾರೂ ಇಲ್ಲ.

ಅಬ್ದುರ್ ರಜಾಕ್ ಅಂತ ಒಬ್ಬ ಪರ್ಷಿಯಾದಿಂದ ಬಂದಿದ್ದನಲ್ಲ, 1443ರಲ್ಲಿ, ಅವನೂ ಏಪ್ರಿಲ್ ಕೊನೆಗೇ ಊರು ಸೇರಿದ್ದು. ಮಂಗಳೂರಿನಿಂದ ಘಟ್ಟ ಹತ್ತಿ ಬಂದವನಿಗೆ ಆ ಬಿಸಿಲು ಹೇಗಿತ್ತೋ. ಅದರ ಬಗ್ಗೆ ಹೆಚ್ಚು ಗೊಣಗದೆ, ಅರಮನೆ ಹತ್ತಿರ ನಯವಾಗಿ ಕಡೆದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯೋದನ್ನು ಮೆಚ್ಚಿಕೊಂಡು ಬರೆದಿದ್ದಾನೆ. ಆಮೇಲೆ ಗುಲಾಬಿ. ಈ ಊರಿನವರು ಗುಲಾಬಿ ಇಲ್ಲದೆ ಬದುಕಲಾರರು, ಅನ್ನದಷ್ಟೇ ಅದೂ ಅವರಿಗೆ ಬೇಕು ಅನ್ನೋ ಅರ್ಥದ ಮಾತು ಬರೆದಿದ್ದಾನೆ. ಈಗ ಆ ಬೀದಿಯಲ್ಲಿ ಗುಲಾಬಿ ಸಿಗೋದಿಲ್ಲ, ಎಳನೀರು ಸಿಗುತ್ತೆ. ಕಲ್ಲಿನ ಕಾಲುವೆ ಮಾತ್ರ ಸಿಗುತ್ತೆ, ಅವನು ಹೇಳಿದಷ್ಟೇ ನಯವಾಗಿ.

ಅರಮನೆ ಆವರಣದಲ್ಲಿ ಕಂಬಗಳ ಮೇಲೆ ಕಲ್ಲಿನ ದೋಣಿ ಉದ್ದಕ್ಕೆ ಜೋಡಿಸಿಕೊಂಡು ಹೋಗಿದ್ದಾರೆ. ಅದನ್ನು ಹಿಂಬಾಲಿಸಿದರೆ ಮೆಟ್ಟಿಲ ಪುಷ್ಕರಣಿ ಸಿಗುತ್ತೆ. 1980ರ ದಶಕದಲ್ಲಿ ಅಗೆಯುವಾಗ ಕಂಡಿದ್ದು, ಅಲ್ಲಿಯವರೆಗೆ ಮಣ್ಣಲ್ಲಿ ಹೂತಿತ್ತು. ಐದು ಅಂತಸ್ತಿನ ಕರಿಕಲ್ಲಿನ ಮೆಟ್ಟಿಲು, ಎಷ್ಟು ಚೊಕ್ಕ ಅಂದರೆ ನೆನ್ನೆ ಕಟ್ಟಿದ್ದು ಅನ್ನಬೇಕು. ಬಗ್ಗಿ ನೋಡಿದರೆ ಒಂದೊಂದು ಕಲ್ಲಿನ ಮೇಲೂ ಗುರುತು ಕೊರೆದಿದ್ದಾರೆ, ಯಾವ ದಿಕ್ಕು, ಯಾವ ಸಾಲು, ಎಷ್ಟನೇ ಕಲ್ಲು ಅಂತ. ಹಳೇ ತೊಟ್ಟಿಮನೆ ಬಿಚ್ಚಿ ಬೇರೆ ಕಡೆ ಕಟ್ಟುವಾಗ ನಮ್ಮ ಆಚಾರಿ ತೊಲೆ ತೊಲೆಗೂ ಸೀಮೆಸುಣ್ಣದಲ್ಲಿ ನಂಬರು ಬರೆಯುತ್ತಿದ್ದನಲ್ಲ, ಹಾಗೆ. ಎಲ್ಲೋ ಕಡೆದು ತಂದು ಇಲ್ಲಿ ಜೋಡಿಸಿದ್ದಾರೆ ಅಂತ ಆ ಗುರುತೇ ಹೇಳುತ್ತೆ. ದುರ್ಗದ ಬೆಟ್ಟದ ಮೇಲಿನ ನೀರಿನ ವ್ಯವಸ್ಥೆ ಇದಕ್ಕೆ ತದ್ವಿ‌ರುದ್ಧ, ಅಲ್ವಾ? ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಸಿಹಿನೀರು ಹೊಂಡ, ಬಿದ್ದ ಮಳೆ ಒಂದರಿಂದ ಒಂದಕ್ಕೆ ಇಳಿದು ಬರಬೇಕು. ನಾಯಕರಿಗೆ ತುಂಗಭದ್ರೆ ಇರಲಿಲ್ಲ, ಮೋಡ ಇತ್ತು. ಓಬವ್ವ ಸಹ ನೀರಿಗೆ ಅಂತ ಹೋದವಳೇ. ಗಂಡ ಊಟಕ್ಕೆ ಕೂತಿದ್ದ, ಕೊಡ ಹಿಡಿದು ಹೋದಳು, ಕಿಂಡಿಯಲ್ಲಿ ಹೈದರನ ಸೈನಿಕರ ತಲೆ ಕಂಡಿತು. ಅಡುಗೆಮನೆಗೇ ಕಾಲುವೆ ಬಂದಿದ್ದರೆ ನಮ್ಮ ಇತಿಹಾಸ ಬೇರೆಯೇ ಆಗುತ್ತಿತ್ತು ನೋಡಿ.

ಊಟ ಅಂದಕೂಡಲೇ ಹೇಳಲೇಬೇಕಾದ್ದು ಕಲ್ಲಿನ ತಟ್ಟೆಗಳು. ರಸ್ತೆ ಬದಿಯಲ್ಲಿ ಒಂದು ಉದ್ದದ ಕಾಲುವೆ, ಆಳ ಇಲ್ಲ. ಅದರ ಎರಡೂ ದಂಡೆ ಮೇಲೆ ಸಾಲಾಗಿ ಕಲ್ಲಿನ ಹಾಸು, ಒಂದೊಂದು ಹಾಸಿನಲ್ಲೂ ತಟ್ಟೆ ಕಡೆದಿದ್ದಾರೆ. ಭೋಜನಶಾಲೆ ಅಂತಾರೆ. ನಡುವೆ ಅನ್ನಕ್ಕೆ ಜಾಗ, ಸುತ್ತ ಪಲ್ಯಕ್ಕೆ, ಚಟ್ನಿಗೆ ಸಣ್ಣ ಸಣ್ಣ ಗುಳಿ. ಪಂಕ್ತಿಯಲ್ಲಿ ಕೂತು ಉಂಡು, ಅಲ್ಲೇ ಹರಿಯೋ ನೀರಲ್ಲಿ ಕೈ ತೊಳೆದು, ಅದೇ ನೀರನ್ನು ಮೊಗೆದು ತಟ್ಟೆಗೆ ಸುರಿದರೆ ಮುಗಿಯಿತು. ಎಲೆ ಎತ್ತುವವರು ಬೇಡ, ಪಾತ್ರೆ ತಿಕ್ಕುವವರು ಬೇಡ. ಸೈನಿಕರು ಊಟ ಮಾಡುತ್ತಿದ್ದರು ಅಂತ ಗೈಡು ಅಂದ. ಯಾತ್ರಿಕರು ಅಂತ ಇನ್ನೊಬ್ಬ. ನಾನು ಬಹಳ ಹೊತ್ತು ಅಲ್ಲೇ ಕೂತಿದ್ದೆ, ಓಡಿಸೋಕೆ ಯಾರೂ ಇರಲಿಲ್ಲವಲ್ಲ. ಕೂತು ನೋಡಿದರೆ ಎಷ್ಟೋ ಅನುಮಾನ. ಸಾರು ಎಲ್ಲಿಗೆ ಹಾಕಿಸಿಕೊಳ್ಳುತ್ತಿದ್ದರು? ಗುಳಿ ಅಷ್ಟು ಆಳ ಇಲ್ಲ. ಕಾಲುವೆಯ ಮೇಲ್ಗಡೆ ಕೂತವನಿಗೆ ತಿಳಿನೀರು, ಕೆಳಗಡೆ ಕೊನೆಯಲ್ಲಿ ಕೂತವನಿಗೆ ಎಲ್ಲರ ಕೈ ತೊಳೆದ ನೀರು. ಹಾಗಾದರೆ ಮೇಲೆ ಕೂರೋಕೆ ಜಗಳ ಆಗುತ್ತಿರಲಿಲ್ಲವೇ? ನಮ್ಮ ಮದುವೆ ಮನೆಗಳಲ್ಲಿ ಮೊದಲ ಪಂಕ್ತಿಗೆ ನಡೆಯೋ ನೂಕಾಟ ನೋಡಿದರೆ ಅಲ್ಲೂ ಕತ್ತಿ ಹಿರಿದಿರಬೇಕು. ಒಂದು ತಟ್ಟೆಯಲ್ಲಿ ಯಾರೋ ಕಡಲೆಕಾಯಿ ಸಿಪ್ಪೆ ಬಿಟ್ಟು ಹೋಗಿದ್ದರು. ಊಟದ ಜಾಗ ಅಂತ ಬೋರ್ಡೇ ಹಾಕಿದ್ದಾರಲ್ಲ, ಅದಕ್ಕೇ ಇರಬೇಕು. ಸಿಪ್ಪೆಯನ್ನು ಪಲ್ಯದ ಗುಳಿಯಲ್ಲೇ ನೀಟಾಗಿ ಹಾಕಿದ್ದರು ಬೇರೆ.